ಪಕ್ಕದ ಮನೆಯವರ ಚರ್ಚು: ಇಂಡಿಪೆಂಡೆಂಟ್ ಬ್ಯಾಪ್ಟಿಸ್ಟರ ನಂಬಿಕೆ ಏನು, ಉದ್ದೇಶ ಏನು?

ಪ್ರಶ್ನೆ: ನಾವು ದಾವಣಗೆರೆಯವರು. ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ, ಗ್ರೀನ್‌ವಿಲ್ ಹತ್ತಿರ ನೆಲೆಸಿದ್ದೇವೆ. ಪಕ್ಕದ ಮನೆಯ ಹಿರಿಯ ದಂಪತಿ ನಮಗೆ ತುಂಬಾ ಬೇಕಾದವರು. ನನ್ನ ಎರಡನೇ ಹೆರಿಗೆಯಾದಾಗ ಊಟ ಮಾಡಿ ತಂದುಕೊಟ್ಟವರು. ಅವರು ಹೋಗುವುದು ಒಂದು ‘ಇಂಡಿಪೆಂಡೆಂಟ್ ಬ್ಯಾಪ್ಟಿಸ್ಟ್’ ಚರ್ಚಿಗೆ. ಆ ಚರ್ಚಿನ ಬಸ್ಸು ಭಾನುವಾರ ನಮ್ಮ ಬೀದಿಗೂ ಬರುತ್ತದೆ. ಒಂಬತ್ತು ವರ್ಷದ ಮಗಳನ್ನು ಕಳಿಸಿ ಎಂದು ಪ್ರೀತಿಯಿಂದ ಕೇಳುತ್ತಿದ್ದಾರೆ. ಇವರ ನಂಬಿಕೆ ಏನು? ಇವರು ಯಾರಿಂದ ಸ್ವತಂತ್ರರು? ಬೆಂಗಳೂರಿನ ಹೆಬ್ಬಾಳದಲ್ಲಿರುವ ಬ್ಯಾಪ್ಟಿಸ್ಟ್ ಆಸ್ಪತ್ರೆಯವರೂ ಇವರೂ ಒಂದೇಯೇ? ಮಗಳನ್ನು ಕಳಿಸಬಹುದೇ? ಗಣೇಶನ ಹಬ್ಬಕ್ಕೆ ಅವರನ್ನು ಊಟಕ್ಕೆ ಕರೆದರೆ ಬೇಸರ ಮಾಡಿಕೊಳ್ಳುತ್ತಾರೆಯೇ?

ಉತ್ತರ: ಹೆಬ್ಬಾಳದ ಆಸ್ಪತ್ರೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ದಾರಿ ಅಲ್ಲಿಂದಲೇ ಸಿಗುತ್ತದೆ. 1973ರಲ್ಲಿ ಬಾಗಿಲು ತೆರೆದ ಆ ಆಸ್ಪತ್ರೆಯನ್ನು ಕಟ್ಟಿಸಿದ್ದು ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ನಿನ ವಿದೇಶ ಮಿಷನ್ ಮಂಡಳಿ. ಈ ಕನ್ವೆನ್ಷನ್ ಎಂದರೆ ಸಾವಿರಾರು ಚರ್ಚುಗಳ ಒಕ್ಕೂಟ. 1925ರಿಂದ ಅಲ್ಲಿ ಒಂದು ಏರ್ಪಾಟಿದೆ: ಪ್ರತಿ ಚರ್ಚು ತನಗೆ ಬಂದ ಕಾಣಿಕೆಯಲ್ಲಿ ಒಂದು ಪಾಲನ್ನು ಒಕ್ಕೂಟಕ್ಕೆ ಕಳಿಸುತ್ತದೆ, ಆ ದೊಡ್ಡ ನಿಧಿಯಿಂದ ಪಾಸ್ಟರುಗಳನ್ನು ತಯಾರು ಮಾಡುವ ಸೆಮಿನರಿಗಳು ನಡೆಯುತ್ತವೆ, ಮಿಷನರಿಗಳಿಗೆ ಸಂಬಳ ಹೋಗುತ್ತದೆ. ನಿಮ್ಮ ನೆರೆಯವರ ಚರ್ಚು ಇಂಥ ನಿಧಿಗೆ ಒಂದು ಡಾಲರೂ ಹಾಕುವುದಿಲ್ಲ. ಯಾವ ಒಕ್ಕೂಟದ ಸದಸ್ಯತ್ವವನ್ನೂ ತೆಗೆದುಕೊಳ್ಳುವುದಿಲ್ಲ. ಇಬ್ಬರೂ ಒಂದೇ ಬೇರಿನ ಬ್ಯಾಪ್ಟಿಸ್ಟರೇ ಹೌದು. ಆದರೆ ಒಂದು ಊರಿನ ಸಭೆಗೂ ದೇವರಿಗೂ ನಡುವೆ ಮತ್ತಾವ ಕಚೇರಿಯೂ ಇರಕೂಡದು ಎನ್ನುವುದರಲ್ಲಿ ನಿಮ್ಮ ನೆರೆಯವರು ಕೊನೆಯ ಮೆಟ್ಟಿಲವರೆಗೆ ಹೋದವರು.

ಕರ್ನಾಟಕದಲ್ಲಿ ಬೆಳೆದ ನಮಗೆ ಇದು ಹೊಸದು. ನಾವು ಕಂಡ ಕ್ರೈಸ್ತ ಸಭೆಗಳಲ್ಲಿ ಮೇಲೆ ಯಾರೋ ಒಬ್ಬರಿರುತ್ತಾರೆ. ಕಥೋಲಿಕರಿಗೆ ಬಿಷಪ್ಪರು, ಅವರ ಮೇಲೆ ರೋಮ್. 1947ರಲ್ಲಿ ಹುಟ್ಟಿದ ಚರ್ಚ್ ಆಫ್ ಸೌತ್ ಇಂಡಿಯಾದಲ್ಲೂ ಬಿಷಪ್ಪರಿದ್ದಾರೆ. ಪಾಸ್ಟರನ್ನು ಹುಬ್ಬಳ್ಳಿಯಿಂದ ಗದಗಕ್ಕೆ ವರ್ಗ ಮಾಡುವುದು, ಚರ್ಚಿನ ಆಸ್ತಿ ನೋಡಿಕೊಳ್ಳುವುದು, ತಕರಾರು ಬಂದರೆ ವಿಚಾರಿಸುವುದು, ಇದೆಲ್ಲಕ್ಕೂ ಡಯಾಸಿಸ್ ಎಂಬ ವ್ಯವಸ್ಥೆಯಿದೆ. ಇಂಡಿಪೆಂಡೆಂಟ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಪಾಸ್ಟರ್ ಬಿಟ್ಟುಹೋದರೆ ಹೊಸಬರನ್ನು ಕಳಿಸುವವರು ಯಾರೂ ಇಲ್ಲ. ಸದಸ್ಯರೇ ಒಂದು ಸಮಿತಿ ಮಾಡಿಕೊಂಡು ಹುಡುಕುತ್ತಾರೆ, ಬಂದವರ ಪ್ರಸಂಗ ಕೇಳುತ್ತಾರೆ, ಕೈಯೆತ್ತಿಯೋ ಚೀಟಿ ಹಾಕಿಯೋ ಮತ ಕೊಡುತ್ತಾರೆ. ಕಟ್ಟಡ ಅವರದೇ, ಅದರ ಸಾಲವೂ ಅವರದೇ. ವರ್ಷದ ಬಜೆಟ್ಟು, ಸೋರುವ ಸೂರಿನ ರಿಪೇರಿ, ಯಾವ ಮಿಷನರಿಗೆ ತಿಂಗಳಿಗೆ ಎಷ್ಟು ಕಳಿಸಬೇಕು ಎನ್ನುವುದು ಎಲ್ಲವೂ ಸದಸ್ಯರ ಸಭೆಯಲ್ಲಿ ತೀರ್ಮಾನವಾಗಬೇಕು. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಸಭೆಗೆ ಎರಡೇ ಹುದ್ದೆಗಳಿವೆ, ಪಾಸ್ಟರ್ ಮತ್ತು ಡೀಕನ್, ಎನ್ನುವುದು ಅವರ ಓದು. ಡೀಕನ್ ಎಂದರೆ ವಿಧವೆಯರನ್ನು ನೋಡಿಕೊಳ್ಳುವುದು, ಲೆಕ್ಕಪತ್ರ, ಕಟ್ಟಡ ಮುಂತಾದ ಕೆಲಸಕ್ಕೆ ಸಭೆಯೇ ಆರಿಸಿದ ಸದಸ್ಯ.

ಆಡಳಿತದ ಈ ರೀತಿ ಅನುಕೂಲಕ್ಕಾಗಿ ಮಾಡಿಕೊಂಡದ್ದಲ್ಲ. ಅದರ ಕೆಳಗೆ ಒಂದು ನಂಬಿಕೆಯಿದೆ: ಧರ್ಮಶ್ರದ್ಧೆ ಹುಟ್ಟಿನಿಂದ ಬರುವುದಿಲ್ಲ, ರಾಜಾಜ್ಞೆಯಿಂದ ಬರುವುದಿಲ್ಲ, ಅಪ್ಪ ಅಮ್ಮ ಕೊಡಿಸಲು ಆಗುವುದಿಲ್ಲ. ಪ್ರತಿಯೊಬ್ಬನೂ ತಾನೇ ದೇವರ ಮುಂದೆ ನಿಂತು ಹೌದೆನ್ನಬೇಕು. ಹಾಗೆ ಹೌದೆಂದವರು ಕೂಡಿದರೆ ಅದೇ ಪೂರ್ಣ ಸಭೆ; ಇನ್ನೊಬ್ಬರ ಮುದ್ರೆ ಅದಕ್ಕೆ ಬೇಕಿಲ್ಲ. ಅದಕ್ಕೇ ಅವರು ಕೂಸುಗಳಿಗೆ ಬ್ಯಾಪ್ಟಿಸಂ, ಎಂದರೆ ನೀರಿನ ದೀಕ್ಷಾಸ್ನಾನ, ಕೊಡುವುದಿಲ್ಲ.

ಇಂದು ಇದನ್ನು ಓದಿದರೆ ಸಪ್ಪೆಯಾಗಿ ಕಾಣಬಹುದು. 1609ರಲ್ಲಿ ಇದು ಜೀವಕ್ಕೆ ಎರವಾಗುವ ಮಾತಾಗಿತ್ತು. ಆ ವರ್ಷ ಇಂಗ್ಲೆಂಡಿನಿಂದ ತಪ್ಪಿಸಿಕೊಂಡು ಹೋಗಿ ಆಮ್‌ಸ್ಟರ್‌ಡ್ಯಾಮಿನಲ್ಲಿದ್ದ ಜಾನ್ ಸ್ಮಿತ್ ಎಂಬಾತ, ತನ್ನ ಶೈಶವದ ದೀಕ್ಷಾಸ್ನಾನ ಸಲ್ಲದು ಎಂದು ಮತ್ತೆ ದೀಕ್ಷೆ ಪಡೆದ. ಅವನ ಜೊತೆಗಾರ ಥಾಮಸ್ ಹೆಲ್ವಿಸ್ 1612ರ ಹೊತ್ತಿಗೆ ಲಂಡನ್ನಿಗೆ ಮರಳಿ ಇಂಗ್ಲೆಂಡಿನ ನೆಲದಲ್ಲಿ ಮೊದಲ ಬ್ಯಾಪ್ಟಿಸ್ಟ್ ಸಭೆ ಕೂಡಿಸಿದ. ರಾಜನೂ ಮನುಷ್ಯನೇ, ದೇವರಲ್ಲ, ಪ್ರಜೆಗಳ ಆತ್ಮದ ಮೇಲೆ ಅವನಿಗೆ ಅಧಿಕಾರವಿಲ್ಲ ಎಂದು ಬರೆದ. ಭಿನ್ನಮತದವರಿರಲಿ, ತುರ್ಕರಿರಲಿ, ಯೆಹೂದ್ಯರಿರಲಿ, ನಂಬಿಕೆಗಾಗಿ ಅವರನ್ನು ದಂಡಿಸುವುದು ಲೋಕದ ಅಧಿಕಾರಕ್ಕೆ ಸೇರಿದ್ದಲ್ಲ ಎಂದ. ಆ ಕಾಲದಲ್ಲಿ ‘ತುರ್ಕರು’ ಎಂದರೆ ಮುಸ್ಲಿಮರು. ತನ್ನವರಿಗೆ ಮಾತ್ರ ಬಿಡುಗಡೆ ಕೇಳುವವರು ಬಹಳ ಮಂದಿ. ತಾನು ಒಪ್ಪದವರಿಗೂ ಅದನ್ನೇ ಕೇಳಿದ ಈ ಮನುಷ್ಯ ನ್ಯೂಗೇಟ್ ಸೆರೆಮನೆಗೆ ಹೋಗಿ 1616ರ ಸುಮಾರಿಗೆ ತೀರಿಕೊಂಡ. ಆಗಿನ ರಾಜ ಒಂದನೇ ಜೇಮ್ಸ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಮೆರಿಕದಲ್ಲೂ ಅದೇ ಪಾಡು. ಮ್ಯಾಸಚೂಸೆಟ್ಸಿನಿಂದ ಗಡೀಪಾರಾದ ರಾಜರ್ ವಿಲಿಯಮ್ಸ್ 1636ರಲ್ಲಿ ಪ್ರಾವಿಡೆನ್ಸ್ ಎಂಬ ಊರು ಕಟ್ಟಿ, 1638ರಲ್ಲಿ ಅಲ್ಲಿ ಬ್ಯಾಪ್ಟಿಸ್ಟ್ ಸಭೆ ಶುರು ಮಾಡಿದ. 1651ರಲ್ಲಿ ಬಾಸ್ಟನ್ನಿನಲ್ಲಿ ಒಬದಾಯ ಹೋಮ್ಸ್ ಎಂಬ ಬ್ಯಾಪ್ಟಿಸ್ಟನಿಗೆ 30 ಛಡಿಯೇಟು ಬಿದ್ದವು. ಧರ್ಮಸ್ವಾತಂತ್ರ್ಯವನ್ನು ಕಾಯುವ ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ 1791ರಲ್ಲಿ ಜಾರಿಗೆ ಬಂದದ್ದರ ಹಿಂದೆ ವರ್ಜೀನಿಯಾದ ಜೈಲುಗಳಲ್ಲಿ ಕೂತ ಬ್ಯಾಪ್ಟಿಸ್ಟ್ ಪ್ರಸಂಗಿಗಳ ಒತ್ತಾಯವಿತ್ತು. ಧರ್ಮಕ್ಕೂ ಸರ್ಕಾರಕ್ಕೂ ನಡುವೆ ಗೋಡೆಯಿರಬೇಕು ಎಂಬ ಹೆಸರಾದ ಮಾತನ್ನು ಅಧ್ಯಕ್ಷ ಜೆಫರ್ಸನ್ 1802ರಲ್ಲಿ ಬರೆದದ್ದು ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ. ಗ್ರೀನ್‌ವಿಲ್‌ನಲ್ಲಿ ನೀವು ಯಾರನ್ನೂ ಕೇಳದೆ ನಿಮ್ಮ ದೇವರ ಮನೆಯಲ್ಲಿ ದೀಪ ಹಚ್ಚುತ್ತೀರಲ್ಲ, ಆ ಹಕ್ಕಿನ ಹಿಂದೆ ಈ ಜನರ ಬೆನ್ನಿನ ಬಾಸುಂಡೆಗಳೂ ಇವೆ. ಇದನ್ನು ನಾನು ಉಪಚಾರಕ್ಕೆ ಹೇಳುತ್ತಿಲ್ಲ.

ಇನ್ನು, ಇವರು ಉಳಿದ ಬ್ಯಾಪ್ಟಿಸ್ಟರಿಂದ ಬೇರೆಯಾದದ್ದು ಹೇಗೆ? ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಚರ್ಚುಗಳಲ್ಲಿ ದೊಡ್ಡ ಜಗಳವೆದ್ದಿತು. ಡಾರ್ವಿನ್ ವಾದ, ಬೈಬಲನ್ನು ಉಳಿದ ಪ್ರಾಚೀನ ಗ್ರಂಥಗಳಂತೆಯೇ ಬಿಡಿಸಿ ನೋಡುವ ಜರ್ಮನ್ ವಿದ್ವತ್ತು ಸೆಮಿನರಿಗಳೊಳಗೆ ಬಂದವು. ಕನ್ಯೆಯಿಂದ ಜನನ, ದೇಹಸಹಿತ ಪುನರುತ್ಥಾನ, ಪವಾಡಗಳು ಇವನ್ನೆಲ್ಲ ಅಕ್ಷರಶಃ ತೆಗೆದುಕೊಳ್ಳಬೇಕಿಲ್ಲ ಎಂದರು ಒಂದು ಪಕ್ಷದವರು. ಅವು ಹೋದರೆ ಉಳಿಯುವುದು ಕ್ರೈಸ್ತಧರ್ಮವೇ ಅಲ್ಲ ಎಂದರು ಇನ್ನೊಂದು ಪಕ್ಷದವರು. ಈ ಎರಡನೆಯವರಿಗೆ ‘ಫಂಡಮೆಂಟಲಿಸ್ಟ್’ ಎಂಬ ಹೆಸರನ್ನು 1920ರಲ್ಲಿ ಕೊಟ್ಟವನು ಕರ್ಟಿಸ್ ಲೀ ಲಾಸ್ ಎಂಬ ಬ್ಯಾಪ್ಟಿಸ್ಟ್ ಸಂಪಾದಕ. ಆಗ ಅದು ಬೈಗುಳವಾಗಿರಲಿಲ್ಲ, ಹೆಮ್ಮೆಯ ಹೆಸರಾಗಿತ್ತು. 1922ರಲ್ಲಿ ಉತ್ತರದ ಬ್ಯಾಪ್ಟಿಸ್ಟ್ ಒಕ್ಕೂಟ ಒಂದು ಲಿಖಿತ ವಿಶ್ವಾಸಪ್ರಮಾಣವನ್ನು ಒಪ್ಪಬೇಕು ಎಂದು ಇವರು ಪಟ್ಟು ಹಿಡಿದು ಸೋತರು. ಒಕ್ಕೂಟದ ಸೆಮಿನರಿಗಳನ್ನು ತಿದ್ದಲಾಗದು, ಅವುಗಳಿಗೆ ನಮ್ಮ ಕಾಣಿಕೆ ಮಾತ್ರ ಹೋಗುತ್ತಿದೆ ಎಂಬ ನೋವಿನಿಂದ ಒಂದೊಂದಾಗಿ ಚರ್ಚುಗಳು ಹೊರಬಂದವು. 1932ರಲ್ಲಿ ಒಂದು ಗುಂಪು, ಟೆಕ್ಸಾಸ್‌ನ ಫೋರ್ಟ್ ವರ್ತ್‌ನ ಪಾಸ್ಟರ್ ಜೆ. ಫ್ರ್ಯಾಂಕ್ ನಾರಿಸ್ ಸುತ್ತ ಇನ್ನೊಂದು ಗುಂಪು, ಅವನ ದರ್ಪ ತಾಳಲಾರದೆ 1950ರಲ್ಲಿ ಒಡೆದು ಮಿಸ್ಸೂರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನೆಲೆಯಾದದ್ದು ಮತ್ತೊಂದು. ಇವಕ್ಕೆ ‘ಫೆಲೋಶಿಪ್’ ಎಂದು ಹೆಸರು. ಪಾಸ್ಟರುಗಳು ಸ್ನೇಹಕ್ಕೆ, ಮಿಷನ್ ಕೆಲಸಕ್ಕೆ ಕೂಡುವ ಕೂಟಗಳಷ್ಟೆ. ಚರ್ಚಿನ ಮೇಲೆ ಆಜ್ಞೆ ಮಾಡುವ ಅಧಿಕಾರ ಅವಕ್ಕಿಲ್ಲ. ಹೀಗಾಗಿ ಒಂದು ಇಂಡಿಪೆಂಡೆಂಟ್ ಬ್ಯಾಪ್ಟಿಸ್ಟ್ ಚರ್ಚಿನ ಬಗ್ಗೆ ಹೇಳಿದ್ದು ಎರಡು ಮೈಲಿ ಆಚೆಗಿನ ಮತ್ತೊಂದಕ್ಕೆ ಅನ್ವಯಿಸದೆ ಹೋಗಬಹುದು. ಮುಂದೆ ನಾನು ಹೇಳುವುದನ್ನು ಸಾಮಾನ್ಯವಾಗಿ ಕಾಣುವ ರೀತಿ ಎಂದೇ ತೆಗೆದುಕೊಳ್ಳಿ.

ನಂಬಿಕೆಯ ತಿರುಳು ಇದು. ಮನುಷ್ಯರೆಲ್ಲ ಪಾಪಿಗಳು, ಪುಣ್ಯಕಾರ್ಯದಿಂದ, ವ್ರತದಿಂದ, ಚರ್ಚಿನ ಸದಸ್ಯತ್ವದಿಂದ ಯಾರೂ ಸ್ವರ್ಗ ಗಳಿಸಲಾರರು, ಯೇಸು ಶಿಲುಬೆಯ ಮೇಲೆ ಎಲ್ಲರ ಸಾಲ ತೀರಿಸಿದ, ಅದನ್ನು ನಂಬಿ ಬೇಡಿಕೊಂಡವನಿಗೆ ರಕ್ಷಣೆ ಉಚಿತ ವರ. ಹಾಗೆ ಒಮ್ಮೆ ರಕ್ಷಣೆ ಹೊಂದಿದವನು ಅದನ್ನು ಮತ್ತೆ ಕಳೆದುಕೊಳ್ಳುವುದಿಲ್ಲ. ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಯ ನಾಲ್ಕಾರು ವಚನಗಳನ್ನು ಸಾಲಾಗಿ ಓದಿಸಿ ಇದನ್ನು ಹತ್ತು ನಿಮಿಷದಲ್ಲಿ ವಿವರಿಸುವುದು ಅವರಲ್ಲಿ ಬಹುಪಾಲು ಸದಸ್ಯರಿಗೆ ಗೊತ್ತು. ಬೈಬಲಿನಲ್ಲಿ ತಪ್ಪಿಲ್ಲ, ಜಗತ್ತನ್ನು ದೇವರು ಆರು ದಿನಗಳಲ್ಲಿ ಸೃಷ್ಟಿಸಿದ, ಯೇಸು ಯಾವ ಕ್ಷಣದಲ್ಲಾದರೂ ಮರಳಿ ಬಂದು ತನ್ನವರನ್ನು ಕರೆದೊಯ್ಯುವನು, ನರಕ ನಿಜವಾದ ಸ್ಥಳ ಎನ್ನುತ್ತಾರೆ. ಇಲ್ಲಿ ನಾನು ಮಾತು ಮೆತ್ತಗೆ ಮಾಡಿದರೆ ನಿಮಗೆ ಅನ್ಯಾಯ ಮಾಡಿದಂತೆ. ನೀವು, ನಿಮ್ಮ ಮಕ್ಕಳು, ದಾವಣಗೆರೆಯಲ್ಲಿರುವ ನಿಮ್ಮ ತಾಯಿ ಕ್ರಿಸ್ತನನ್ನು ನಂಬದಿದ್ದರೆ ನಿತ್ಯ ನಾಶಕ್ಕೆ ಹೋಗುತ್ತೀರಿ ಎಂದು ಪಕ್ಕದ ಮನೆಯಾಕೆ ನಂಬಿದ್ದಾರೆ. ಊಟ ತಂದುಕೊಟ್ಟ ಪ್ರೀತಿಯೂ ಸುಳ್ಳಲ್ಲ, ಈ ನಂಬಿಕೆಯೂ ಸುಳ್ಳಲ್ಲ. ಆಕೆಯ ಮನಸ್ಸಿನಲ್ಲಿ ಅವೆರಡೂ ಒಂದೇ. ನಿಮ್ಮನ್ನು ಬಸ್ಸಿಗೆ ಕರೆಯದೆ ಸುಮ್ಮನಿದ್ದರೆ ಆಕೆಗೆ ಅದು ಪ್ರೀತಿಯ ಕೊರತೆ ಎನಿಸುತ್ತದೆ.

ದೀಕ್ಷಾಸ್ನಾನ ಎಂದರೆ ಪೂರ್ತಿ ಮುಳುಗಿಸುವುದು. ಬಹಳಷ್ಟು ಚರ್ಚುಗಳಲ್ಲಿ ವೇದಿಕೆಯ ಹಿಂದೆ ಅದಕ್ಕೆಂದೇ ಒಂದು ತೊಟ್ಟಿ ಇರುತ್ತದೆ. ಮುಳುಗಿದ್ದರಿಂದ ರಕ್ಷಣೆ ಬರುವುದಿಲ್ಲ. ಒಳಗೆ ಆಗಲೇ ಆದ ಬದಲಾವಣೆಗೆ ಅದು ಹೊರಗಿನ ಸಾಕ್ಷಿ, ಮತ್ತು ಆ ಸಭೆಯ ಸದಸ್ಯತ್ವಕ್ಕೆ ಬಾಗಿಲು. ಕರ್ತನ ಭೋಜನ ಎಂಬ ಆಚರಣೆಯಲ್ಲಿ ರೊಟ್ಟಿಯ ಚೂರು, ದ್ರಾಕ್ಷಿ ರಸ. ಹೆಂಡ ಇಲ್ಲವೇ ಇಲ್ಲ. ಅದು ಯೇಸುವಿನ ಮರಣದ ನೆನಪು ಮಾತ್ರ. ಕಥೋಲಿಕರಂತೆ ರೊಟ್ಟಿಯೇ ಯೇಸುವಿನ ಶರೀರವಾಗುತ್ತದೆ ಎಂದು ಇವರು ಹೇಳುವುದಿಲ್ಲ.

ಒಂದನೇ ಜೇಮ್ಸ್ ರಾಜನ ಹೆಸರು ನೆನಪಿಡಿ ಎಂದಿದ್ದೆ. ನಿಮ್ಮ ನೆರೆಯವರ ಕೈಯಲ್ಲಿರುವ ಕಪ್ಪು ರಟ್ಟಿನ ಬೈಬಲು ಬಹುಶಃ ಅವನ ಆಳ್ವಿಕೆಯಲ್ಲಿ 1611ರಲ್ಲಿ ಹೊರಬಂದ ಕಿಂಗ್ ಜೇಮ್ಸ್ ಅನುವಾದ. ಬಹಳ ಇಂಡಿಪೆಂಡೆಂಟ್ ಬ್ಯಾಪ್ಟಿಸ್ಟ್ ಚರ್ಚುಗಳು ಇದನ್ನೊಂದೇ ಬಳಸುತ್ತವೆ. ಅದರಲ್ಲೂ ಎರಡು ಬಗೆ. ಎರಾಸ್ಮಸ್ ಎಂಬ ಪಂಡಿತ 1516ರಲ್ಲಿ ಅಚ್ಚು ಹಾಕಿಸಿದ, ಹೊಸ ಒಡಂಬಡಿಕೆಯ ಗ್ರೀಕ್ ಪಾಠದ ಪರಂಪರೆಯೇ ಹೆಚ್ಚು ನಂಬಿಕೆಗೆ ಅರ್ಹ, ಈಚಿನ ಅನುವಾದಗಳು ಬೇರೆ ಹಸ್ತಪ್ರತಿಗಳನ್ನು ಅವಲಂಬಿಸಿವೆ ಎನ್ನುವವರು ಒಂದು ಬಗೆ. ಅದು ವಾದಿಸಬಹುದಾದ ಪಾಂಡಿತ್ಯದ ವಿಷಯ. ಈ ಇಂಗ್ಲಿಷ್ ಅನುವಾದವೇ ದೇವರ ಕೊನೆಯ ಮಾತು, ಗ್ರೀಕ್ ಮೂಲವನ್ನೂ ಇದರಿಂದಲೇ ತಿದ್ದಬಹುದು ಎನ್ನುವವರು ಇನ್ನೊಂದು ಬಗೆ. ಇದನ್ನು ನಾನು ಸ್ವಲ್ಪವೂ ಒಪ್ಪಲಾರೆ. ಆ ಅನುವಾದಕರೇ ತಮ್ಮ ಮುನ್ನುಡಿಯಲ್ಲಿ, ಅತ್ಯಂತ ಸಾಧಾರಣವಾದ ಅನುವಾದವೂ ದೇವರ ವಾಕ್ಯವೇ ಎಂದು ಬರೆದಿದ್ದಾರೆ. ಜೊತೆಗೆ, ಅವರೆಲ್ಲ ಇಂಗ್ಲೆಂಡಿನ ರಾಜಚರ್ಚಿನವರು, ಕೂಸುಗಳಿಗೆ ದೀಕ್ಷಾಸ್ನಾನ ಕೊಡುತ್ತಿದ್ದವರು. ಹೆಲ್ವಿಸನನ್ನು ಜೈಲಿಗೆ ಹಾಕಿದ್ದೂ ಅದೇ ರಾಜನ ಆಡಳಿತ. ಈ ಚರಿತ್ರೆಯನ್ನು ಆ ಪೀಠಗಳಿಂದ ಹೇಳುವವರು ಕಡಿಮೆ; ಹೇಳಿದರೆ ಅವರ ಸದಸ್ಯರಿಗೆ ತಮ್ಮ ಹಿರಿಯರ ಬಗ್ಗೆ ಗೌರವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಲೋಕದಿಂದ ಬೇರೆಯಾಗಿರಬೇಕು ಎಂಬ ಬೋಧೆ ಅವರ ಬದುಕಿನಲ್ಲಿ ಎದ್ದು ಕಾಣುತ್ತದೆ. ಮದ್ಯ ಇಲ್ಲ, ಸಿಗರೇಟು ಇಲ್ಲ, ಕುಣಿತ ಇಲ್ಲ. ಕಟ್ಟುನಿಟ್ಟಿನ ಚರ್ಚುಗಳಲ್ಲಿ ಸಿನಿಮಾ ಮಂದಿರವೂ ಇಲ್ಲ, ಹೆಂಗಸರಿಗೆ ಪ್ಯಾಂಟೂ ಇಲ್ಲ. ಆರಾಧನೆಗೆ ಪಿಯಾನೊ, ಹಳೆಯ ಕೀರ್ತನೆಗಳು. ಡ್ರಮ್ಮು ಗಿಟಾರು ಬಾರಿಸುವ ಚರ್ಚುಗಳ ಬಗ್ಗೆ ಅಸಮಾಧಾನ. ಬೇರೆಯಾಗಿರುವ ಈ ನಿಯಮವನ್ನು ಕೆಲವರು ಇನ್ನೂ ಮುಂದಕ್ಕೆ ಎಳೆಯುತ್ತಾರೆ: ತಪ್ಪು ಬೋಧಿಸುವವರೊಡನೆ ಸೇರಬಾರದಷ್ಟೇ ಅಲ್ಲ, ಅವರೊಡನೆ ಸೇರುವ ಸರಿಯಾದವರೊಡನೆಯೂ ಸೇರಬಾರದು. 1957ರಲ್ಲಿ ಹೆಸರಾಂತ ಪ್ರಸಂಗಿ ಬಿಲ್ಲಿ ಗ್ರಹಾಂ ನ್ಯೂಯಾರ್ಕಿನ ಸುವಾರ್ತಾ ಕೂಟಗಳಿಗೆ ಉದಾರವಾದಿ ಚರ್ಚುಗಳ ಸಹಾಯ ಪಡೆದಾಗ, ಅಲ್ಲಿಯವರೆಗೆ ಅವರನ್ನು ಬೆಂಬಲಿಸಿದ್ದ ಫಂಡಮೆಂಟಲಿಸ್ಟ್ ಪ್ರಸಂಗಿ ಜಾನ್ ಆರ್. ರೈಸ್ ಮೊದಲಾದವರು ಕೈಬಿಟ್ಟದ್ದು ಇದೇ ಕಾರಣಕ್ಕೆ. ಈ ನಿಯಮ ಹಿಡಿದ ಸಭೆ ವರ್ಷ ಕಳೆದಂತೆ ಒಂಟಿಯಾಗುತ್ತ ಹೋಗುತ್ತದೆ.

ನೀವು ಗ್ರೀನ್‌ವಿಲ್‌ನವರಾದ್ದರಿಂದ ಒಂದು ಮಾತು ಬಿಡುವಂತಿಲ್ಲ. ನಿಮ್ಮೂರಿನ ಬಾಬ್ ಜೋನ್ಸ್ ವಿಶ್ವವಿದ್ಯಾಲಯ ಹೆಸರಿಗೆ ಬ್ಯಾಪ್ಟಿಸ್ಟ್ ಸಂಸ್ಥೆಯಲ್ಲ. ಆದರೂ ಈ ವಲಯದ ಬಹಳ ಪಾಸ್ಟರುಗಳು ಅಲ್ಲಿ ಓದಿದವರು. ಬೇರೆ ಬೇರೆ ಜನಾಂಗದ ಹುಡುಗ ಹುಡುಗಿಯರು ಜೊತೆಯಾಗಿ ತಿರುಗಬಾರದು ಎಂಬ ನಿಯಮವಿದ್ದ ಕಾರಣಕ್ಕೆ ಅದಕ್ಕಿದ್ದ ತೆರಿಗೆ ವಿನಾಯಿತಿ ರದ್ದಾದದ್ದು ಸರಿ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1983ರಲ್ಲಿ ತೀರ್ಪು ಕೊಟ್ಟಿತು. ಅವರು ಆ ನಿಯಮ ಕೈಬಿಟ್ಟದ್ದು 2000ದಲ್ಲಿ. 2008ರಲ್ಲಿ ಹಿಂದಿನ ನೀತಿಗೆ ವಿಷಾದ ಹೇಳಿದರು. ದಕ್ಷಿಣದ ಅನೇಕ ಬಿಳಿಯರ ಚರ್ಚುಗಳು ಜನಾಂಗದ ವಿಷಯದಲ್ಲಿ ತಮ್ಮದೇ ಸುವಾರ್ತೆಗೆ ದ್ರೋಹ ಬಗೆದವು. ಆತ್ಮದ ಮೇಲೆ ಯಾರಿಗೂ ಅಧಿಕಾರವಿಲ್ಲ ಎಂದವರು, ಪಕ್ಕದಲ್ಲಿ ಕೂರುವವನ ಬಣ್ಣ ನೋಡಿದ್ದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯಲಾಗದು. ಇಂದು ಪರಿಸ್ಥಿತಿ ಬಹಳ ಬದಲಾಗಿದೆ. ನಿಮ್ಮನ್ನು ಕರೆಯುತ್ತಿರುವ ಚರ್ಚಿನಲ್ಲಿ ಎಂಥ ಜನ ಕೂಡುತ್ತಾರೆ ಎಂಬುದನ್ನು ಒಂದು ಭಾನುವಾರ ಹೋಗಿ ಕಣ್ಣಾರೆ ನೋಡಿದರೆ ತಿಳಿಯುತ್ತದೆ.

ಈಗ ಅವರ ಉದ್ದೇಶದ ಮಾತು. ಲೋಕದ ಎಲ್ಲ ಜನರನ್ನೂ ಶಿಷ್ಯರನ್ನಾಗಿ ಮಾಡಿರಿ ಎಂದು ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಯೇಸು ಹೇಳುವ ಮಾತೇ ಅವರಿಗೆ ಆಜ್ಞೆ. ಅದು ಮನೆಬಾಗಿಲಿನಿಂದ ಶುರುವಾಗುತ್ತದೆ. ವಾರದ ಒಂದು ಸಂಜೆಯೋ ಶನಿವಾರವೋ ಇಬ್ಬಿಬ್ಬರಾಗಿ ಬೀದಿ ಸುತ್ತಿ ಬಾಗಿಲು ತಟ್ಟುತ್ತಾರೆ. ಭಾನುವಾರ ಬೆಳಿಗ್ಗೆ, ಭಾನುವಾರ ಸಂಜೆ, ಬುಧವಾರ ಸಂಜೆ ಹೀಗೆ ವಾರಕ್ಕೆ ಮೂರು ಸಲ ಕೂಡುವುದು ಟೆನ್ನೆಸ್ಸೀಯ ಚಟ್ಟನೂಗದಲ್ಲಿ ಪಾಸ್ಟರಾಗಿದ್ದ ಲೀ ರಾಬರ್ಸನ್ ತಮ್ಮ ಜನರಿಗೆ ಹಾಕಿಕೊಟ್ಟ ಪಾಠ. ಇಂದಿಗೂ ಅದೇ ವಾಡಿಕೆ. ನಿಮ್ಮ ಬೀದಿಗೆ ಬರುವ ಬಸ್ಸಿಗೂ ಒಂದು ಚರಿತ್ರೆಯಿದೆ. ಇಂಡಿಯಾನಾದ ಹ್ಯಾಮಂಡ್‌ನಲ್ಲಿ 1959ರಿಂದ 2001ರವರೆಗೆ ಪಾಸ್ಟರಾಗಿದ್ದ ಜ್ಯಾಕ್ ಹೈಲ್ಸ್ ಬಸ್ಸುಗಳ ದಂಡನ್ನೇ ಕಟ್ಟಿ, ಚರ್ಚಿಗೆ ಹೋಗದ ಮನೆಗಳ ಮಕ್ಕಳನ್ನು ಭಾನುವಾರ ಶಾಲೆಗೆ ತರುತ್ತಿದ್ದರು. ದೇಶದ ತುಂಬ ಚರ್ಚುಗಳು ಅದನ್ನು ನೋಡಿ ಬಸ್ಸು ಕೊಂಡವು. ಬಡ ಮಕ್ಕಳಿಗೆ ವಾರದಲ್ಲಿ ಒಮ್ಮೆಯಾದರೂ ಒಬ್ಬ ದೊಡ್ಡವರು ಹೆಸರು ಹಿಡಿದು ಕರೆದು ಮಾತಾಡಿಸಿದ್ದು ಈ ಬಸ್ಸುಗಳಿಂದ. ಎಷ್ಟು ಮಂದಿ ಬಂದರು, ಎಷ್ಟು ಮಂದಿ ಪ್ರಾರ್ಥನೆ ಹೇಳಿದರು ಎಂದು ತಲೆ ಎಣಿಸುವ ಚಟ ಹತ್ತಿದ್ದೂ ಇಲ್ಲಿಂದಲೇ.

ಹೊರದೇಶದ ಮಿಷನ್ನಿಗೆ ಅವರ ದಾರಿ ನನಗೆ ಗೌರವ ಹುಟ್ಟಿಸುವಂಥದ್ದು. ಕೇಂದ್ರ ನಿಧಿ ಇಲ್ಲವಲ್ಲ. ಹಾಗಾಗಿ ಮಿಷನರಿಯಾಗಿ ಹೊರಡುವ ಯುವಕ ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಚರ್ಚಿನಿಂದ ಚರ್ಚಿಗೆ ಹೋಗುತ್ತಾನೆ, ತಾನು ಹೋಗಲಿರುವ ದೇಶದ ಚಿತ್ರ ತೋರಿಸಿ ಮಾತಾಡುತ್ತಾನೆ. ಒಂದು ಚರ್ಚು ತಿಂಗಳಿಗೆ ಐವತ್ತು ಡಾಲರು ಎಂದು ಮತ ಹಾಕುತ್ತದೆ, ಇನ್ನೊಂದು ನೂರು ಎನ್ನುತ್ತದೆ. ಸಂಸಾರ ನಡೆಯುವಷ್ಟು ಕೂಡಲು ಎರಡು ಮೂರು ವರ್ಷ ಹಿಡಿಯುವುದು ಸಾಮಾನ್ಯ. ಆಮೇಲೆ ಅವರ ಕಾಗದಗಳು ಚರ್ಚಿನ ಗೋಡೆಯ ಭೂಪಟದ ಪಕ್ಕದಲ್ಲಿ ಅಂಟುತ್ತವೆ. ಬುಧವಾರದ ಪ್ರಾರ್ಥನೆಯಲ್ಲಿ ಅವರ ಮಗುವಿನ ಜ್ವರದ ಸುದ್ದಿಯೂ ಬರುತ್ತದೆ. ಕೊಡುವವರಿಗೂ ಹೋದವರಿಗೂ ಮುಖ ಪರಿಚಯ ಇರುವ ಏರ್ಪಾಟು ಇದು. ಬ್ಯಾಪ್ಟಿಸ್ಟರ ಈ ಮಿಷನ್ ಹುಮ್ಮಸ್ಸಿನ ಮೊದಲಿಗರಲ್ಲಿ ಒಬ್ಬರಾದ ವಿಲಿಯಂ ಕೇರಿ ನಮ್ಮ ಭಾಷೆಗೂ ಸಂಬಂಧಪಟ್ಟವರು. 1793ರಲ್ಲಿ ಬಂಗಾಳಕ್ಕೆ ಬಂದಿಳಿದ, ಹಿಂದೆ ಚಮ್ಮಾರಿಕೆ ಮಾಡುತ್ತಿದ್ದ ಈ ಇಂಗ್ಲಿಷ್ ಬ್ಯಾಪ್ಟಿಸ್ಟರು ಸೆರಾಂಪುರದ ಮುದ್ರಣಾಲಯದಿಂದ 1817ರಲ್ಲಿ ಇಂಗ್ಲಿಷಿನಲ್ಲಿ ಒಂದು ಕನ್ನಡ ವ್ಯಾಕರಣ ಹೊರತಂದರು. ಅವರನ್ನು ಕಳಿಸಿದ್ದು 1792ರಲ್ಲಿ ಹುಟ್ಟಿದ ಒಂದು ಮಿಷನ್ ಸಂಘ. ಮಿಷನರಿಯನ್ನು ಕಳಿಸಬೇಕಾದದ್ದು ಸಭೆಯೇ, ಸಂಘವಲ್ಲ ಎನ್ನುವ ಇಂದಿನ ಇಂಡಿಪೆಂಡೆಂಟ್ ಬ್ಯಾಪ್ಟಿಸ್ಟರೂ ಕೇರಿಯವರನ್ನು ತಮ್ಮ ಹಿರಿಯರೆಂದೇ ಎಣಿಸುತ್ತಾರೆ.

ಇಷ್ಟು ಹೇಳಿ, ತಾಯಿಯಾದ ನಿಮಗೆ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಮೇಲೆ ಯಾರೂ ಇಲ್ಲದ ವ್ಯವಸ್ಥೆಯಲ್ಲಿ ಪಾಸ್ಟರನ್ನು ಕೇಳುವವರು ಯಾರು? ಸದಸ್ಯರು. ಅವರ ಬೋಧನೆಯ ಪ್ರಕಾರವೇ ಸದಸ್ಯರು. ಸಭೆ ಎಚ್ಚರವಾಗಿದ್ದು ಲೆಕ್ಕ ಕೇಳಿದರೆ, ಡೀಕನ್‌ಗಳು ಬೇಡ ಎನ್ನುವ ಧೈರ್ಯ ತೋರಿದರೆ, ಇದಕ್ಕಿಂತ ಒಳ್ಳೆಯ ಏರ್ಪಾಟು ಕಷ್ಟ. ಆದರೆ ಮಾತುಗಾರ ಪಾಸ್ಟರೊಬ್ಬರು ಚರ್ಚನ್ನು ತಾವೇ ಶುರು ಮಾಡಿ ಬೆಳೆಸಿದಾಗ, ದೇವರು ಅಭಿಷೇಕಿಸಿದವನ ಮೇಲೆ ಕೈಯೆತ್ತಬೇಡಿ ಎಂದು ಪೀಠದಿಂದಲೇ ಹೇಳತೊಡಗಿದಾಗ, ಸದಸ್ಯರ ಸಭೆ ಹೂಂಗುಟ್ಟುವ ಸಭೆಯಾಗುತ್ತದೆ. ಆಗ ದೂರು ಕೊಡಲು ಬಿಷಪ್ಪರೂ ಇಲ್ಲ, ಒಕ್ಕೂಟವೂ ಇಲ್ಲ. ಅಮೆರಿಕದಲ್ಲಿ ಚರ್ಚುಗಳು ತೆರಿಗೆ ಇಲಾಖೆಗೆ ವಾರ್ಷಿಕ ಲೆಕ್ಕ ಸಲ್ಲಿಸಬೇಕಾಗಿಲ್ಲದ ಕಾರಣ ಹಣದ ವಿಷಯವೂ ಮುಚ್ಚಿಕೊಂಡೇ ಉಳಿಯಬಹುದು. 2018ರ ಡಿಸೆಂಬರಿನಲ್ಲಿ ಫೋರ್ಟ್ ವರ್ತ್ ಸ್ಟಾರ್-ಟೆಲಿಗ್ರಾಂ ಪತ್ರಿಕೆ ಪ್ರಕಟಿಸಿದ ತನಿಖೆಯಲ್ಲಿ 187 ಇಂಡಿಪೆಂಡೆಂಟ್ ಬ್ಯಾಪ್ಟಿಸ್ಟ್ ಚರ್ಚು ಮತ್ತು ಅವುಗಳ ಸಂಸ್ಥೆಗಳಿಗೆ ಸಂಬಂಧಿಸಿ ಲೈಂಗಿಕ ದುರ್ವರ್ತನೆಯ 412 ಆರೋಪಗಳು ಹೊರಬಂದವು. ಆರೋಪ ಬಂದವರು ಇನ್ನೊಂದು ರಾಜ್ಯದ ಇನ್ನೊಂದು ಚರ್ಚಿಗೆ ಸದ್ದಿಲ್ಲದೆ ಹೋಗಿ ಸೇರಿಕೊಂಡ ಪ್ರಸಂಗಗಳೂ ಅದರಲ್ಲಿದ್ದವು. ಹ್ಯಾಮಂಡ್‌ನ ಆ ದೊಡ್ಡ ಚರ್ಚಿನಲ್ಲಿ ಹೈಲ್ಸ್ ಅವರ ನಂತರ ಬಂದ ಪಾಸ್ಟರಿಗೆ ಅಪ್ರಾಪ್ತ ವಯಸ್ಸಿನ ಹುಡುಗಿಯೊಬ್ಬಳ ಪ್ರಕರಣದಲ್ಲಿ 2013ರಲ್ಲಿ 12 ವರ್ಷ ಜೈಲಾಯಿತು. ನಿಮ್ಮ ನೆರೆಯವರ ಚರ್ಚು ಹಾಗಿದೆ ಎಂದು ನಾನು ಹೇಳುತ್ತಿಲ್ಲ. ನಿಷ್ಠೆಯಿಂದ, ಕಡಿಮೆ ಸಂಬಳಕ್ಕೆ, ರಾತ್ರಿ ಎರಡಕ್ಕೂ ರೋಗಿಯ ಹಾಸಿಗೆಯ ಬಳಿ ಓಡಿಬರುವ ಪಾಸ್ಟರುಗಳು ಈ ಚರ್ಚುಗಳಲ್ಲಿ ಊರೂರಿಗೂ ಇದ್ದಾರೆ. ಯಾವುದು ಯಾವ ಬಗೆಯದು ಎಂಬುದು ಫಲಕ ನೋಡಿದರೆ ಗೊತ್ತಾಗುವುದಿಲ್ಲ, ಕೇಳಿಯೇ ತಿಳಿಯಬೇಕು.

ಆದ್ದರಿಂದ ಮಗಳ ವಿಷಯ. ಒಬ್ಬಳೇ ಬಸ್ಸು ಹತ್ತಿಸಬೇಡಿ, ಮೊದಲ ಸಲವಂತೂ ಖಂಡಿತ ಬೇಡ. ಕುತೂಹಲವಿದ್ದರೆ ನೀವೂ ಜೊತೆಗೆ ಹೋಗಿ, ಅವಳ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಒಳ್ಳೆಯ ಚರ್ಚು ಅದಕ್ಕೆ ಸಂತೋಷಪಡುತ್ತದೆ. ತಾಯಿ ಒಳಗೆ ಬರುವುದು ಬೇಡ ಎಂದರೆ ಅಲ್ಲಿಂದಲೇ ತಿರುಗಿ ಬನ್ನಿ. ಮಕ್ಕಳ ಜೊತೆ ಕೆಲಸ ಮಾಡುವವರ ಪೊಲೀಸ್ ಹಿನ್ನೆಲೆ ಪರೀಕ್ಷೆ ಆಗಿದೆಯೇ, ಒಂದು ಕೋಣೆಯಲ್ಲಿ, ಒಂದು ಬಸ್ಸಿನಲ್ಲಿ ಇಬ್ಬರು ದೊಡ್ಡವರು ಕಡ್ಡಾಯವೇ, ಈ ನಿಯಮ ಲಿಖಿತವಾಗಿದೆಯೇ, ದೂರು ಬಂದರೆ ಪೊಲೀಸರಿಗೆ ಹೋಗುತ್ತಾರೆಯೇ ಅಥವಾ ಪಾಸ್ಟರ್ ಕೋಣೆಯಲ್ಲೇ ಮುಗಿಸುತ್ತಾರೆಯೇ ಎಂದು ನೇರವಾಗಿ ಕೇಳಿ. ಚರ್ಚಿನ ಲೆಕ್ಕ ಸದಸ್ಯರಿಗೆ ಸಿಗುತ್ತದೆಯೇ ಎಂದು ನಿಮ್ಮ ನೆರೆಯವರನ್ನು ವಿಚಾರಿಸಿ. ಸಿಗುತ್ತದೆ ಎಂದು ಅವರು ತಕ್ಷಣ ಹೇಳಿದರೆ ಅದು ಒಳ್ಳೆಯ ಗುರುತು.

ಇನ್ನೊಂದು ಮಾತೂ ತಿಳಿದಿರಲಿ. ಅಲ್ಲಿ ಒಂಬತ್ತು ವರ್ಷದ ಮಗುವನ್ನೂ ಯೇಸುವನ್ನು ನಂಬುತ್ತೀಯಾ ಎಂದು ಕೇಳುತ್ತಾರೆ, ಪ್ರಾರ್ಥನೆ ಹೇಳಿಕೊಡುತ್ತಾರೆ, ನರಕದ ಪಾಠವೂ ಬರಬಹುದು. ಆ ವಯಸ್ಸಿನ ಮಗು ಟೀಚರಿಗೆ ಬೇಜಾರಾಗಬಾರದೆಂದು ಕೈಯೆತ್ತಿಬಿಡುತ್ತದೆ. ಪ್ರತಿಯೊಬ್ಬನೂ ಸ್ವಂತ ಅರಿವಿನಿಂದ ಹೌದೆನ್ನಬೇಕು ಎಂದು ಕೂಸಿನ ದೀಕ್ಷೆಯನ್ನೇ ಬೇಡವೆಂದ ಪರಂಪರೆಗೆ ಹೀಗೆ ಅವಸರದಲ್ಲಿ ಎತ್ತಿಸಿದ ಕೈ ಒಪ್ಪುವುದಿಲ್ಲ ಎಂದು ಅವರಲ್ಲೇ ತಿಳಿದವರು ಹೇಳುತ್ತಾರೆ, ನಾನೂ ಹೇಳುತ್ತೇನೆ. ನಮ್ಮ ಒಪ್ಪಿಗೆಯಿಲ್ಲದೆ ಮಗಳಿಗೆ ದೀಕ್ಷಾಸ್ನಾನ ಕೊಡಬಾರದು ಎಂದು ಪಾಸ್ಟರಿಗೆ ಮೊದಲೇ ಹೇಳಿಡಿ. ಕಳಿಸುವ ಮನಸ್ಸಿಲ್ಲದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ನಾವು ಅಮೆರಿಕದಲ್ಲಿ ಬೇಡ ಎನ್ನಲು ಸಂಕೋಚಪಟ್ಟು, ಮುಂದಿನ ವಾರ ನೋಡೋಣ ಎಂದು ತಿಂಗಳುಗಟ್ಟಲೆ ಎಳೆಯುತ್ತೇವೆ; ಅವರು ಅದನ್ನು ನಿಜವೆಂದು ನಂಬಿ ಪ್ರತಿ ಶನಿವಾರ ಬಾಗಿಲಿಗೆ ಬರುತ್ತಾರೆ. ‘ನೀವು ನಮಗಾಗಿ ಪ್ರಾರ್ಥಿಸುತ್ತೀರಿ ಎಂದು ಗೊತ್ತು, ಅದಕ್ಕೆ ಋಣಿಯಾಗಿದ್ದೇವೆ. ನಮ್ಮ ಮನೆಯಲ್ಲಿ ನಮ್ಮದೇ ಪೂಜೆ ಇದೆ, ಮಗಳನ್ನು ಅದರಲ್ಲೇ ಬೆಳೆಸುತ್ತೇವೆ’ ಎಂದು ಹೇಳಿ. ಬೇಸರವಾಗಬಹುದು, ಆದರೆ ನೇರ ಮಾತಿಗೆ ಅವರಲ್ಲಿ ಬೆಲೆಯಿದೆ.

ಹಬ್ಬದ ಊಟಕ್ಕೆ ಖಂಡಿತ ಕರೆಯಿರಿ. ಪೂಜೆಗೆ ನಿಲ್ಲಲು, ಆರತಿ ತೆಗೆದುಕೊಳ್ಳಲು, ಕುಂಕುಮ ಹಚ್ಚಿಸಿಕೊಳ್ಳಲು ಅವರು ಒಪ್ಪುವುದಿಲ್ಲ. ನೈವೇದ್ಯ ಮಾಡಿದ್ದನ್ನೂ ತಿನ್ನುವುದಿಲ್ಲ. ವಿಗ್ರಹಕ್ಕೆ ಅರ್ಪಿಸಿದ್ದರ ಬಗ್ಗೆ ಕೊರಿಂಥದವರಿಗೆ ಪೌಲನು ಬರೆದ ಮಾತುಗಳನ್ನು ಅವರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಪೂಜೆ ಮುಗಿದ ಮೇಲಿನ ಹೊತ್ತಿಗೆ ಬರಹೇಳಿ. ಅವರಿಗೆಂದು ಕಡುಬು, ಚಿತ್ರಾನ್ನ, ಕೋಸಂಬರಿಯನ್ನು ಮೊದಲೇ ಬೇರೆ ತೆಗೆದಿಟ್ಟು, ಇದು ದೇವರಿಗೆ ಇಟ್ಟದ್ದಲ್ಲ ಎಂದು ಬಡಿಸುವ ಮುನ್ನವೇ ತಿಳಿಸಿ. ತಿಳಿಸದೆ ಪ್ರಸಾದ ಕೊಟ್ಟರೆ, ಆಮೇಲೆ ಗೊತ್ತಾದಾಗ ಅವರಿಗೆ ನಿಜವಾಗಿ ನೋವಾಗುತ್ತದೆ. ಎಲೆಯ ಮುಂದೆ ಕುಳಿತ ಮೇಲೆ ಅವರು ತಲೆ ಬಾಗಿಸಿ ನಿಮ್ಮ ಮನೆಯವರ ಹೆಸರು ಹೇಳಿ ಗಟ್ಟಿಯಾಗಿ ಪ್ರಾರ್ಥನೆ ಮಾಡಬಹುದು. ಮುಗಿಯುವವರೆಗೆ ಮಕ್ಕಳಿಗೆ ಊಟ ಶುರು ಮಾಡಬೇಡಿ ಎಂದು ಹೇಳಿಟ್ಟಿರಿ.